ಕೊರೆಯುವುದರಿಂದ ಮುಚ್ಚುವುದರವರೆಗೆ

ಆರನೇ ವಯಸ್ಸಿನ ಆಸುಪಾಸಿನಲ್ಲಿ, ಯಾವ ಹಾಲುಹಲ್ಲಿನ ಜಾಗವನ್ನೂ ಬೇಡದೆ, ಸಾಲಿನ ತುದಿಯಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಕೆಲವು ಮಕ್ಕಳಲ್ಲಿ ಅದು ಬರುವಾಗಲೇ ಕೆನೆಬಣ್ಣದ್ದೋ ಕಂದು ಬಣ್ಣದ್ದೋ ಮಚ್ಚೆ ಹೊತ್ತಿರುತ್ತದೆ. ಅಗಿದಂತೆಲ್ಲ ಎನಾಮೆಲ್ ಚೂರುಚೂರಾಗಿ ಉದುರುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಚಾಕೊಲೇಟ್ ತಿಂದು ಹಾಳುಮಾಡಿಕೊಂಡೆ ಎಂದು ಮಗುವನ್ನು ಗದರಿಸುವುದು ಅನ್ಯಾಯ. ಈ ಹಲ್ಲಿನ ಎನಾಮೆಲ್ ಗಟ್ಟಿಯಾಗುವುದು ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ, ವಸಡಿನ ಒಳಗೇ. ಸಿಹಿ ಆಮೇಲೆ ಹುಳುಕನ್ನು ಬೇಗ ತರುತ್ತದೆ, ನಿಜ. ಆದರೆ ಮೂಲ ದೋಷ ಅದರದಲ್ಲ. ಕೋಲಾರ, ಪಾವಗಡದ ಕಡೆ ನೀರಿನ ಫ್ಲೋರೈಡ್‌ನಿಂದ ಬರುವ ಕಲೆಯೂ ಇದಲ್ಲ. ಅದು ಬಾಯಿಯ ಎರಡೂ ಬದಿಯ ಹಲ್ಲುಗಳಲ್ಲಿ ಸಮನಾಗಿ ಹರಡುತ್ತದೆ. ಇದಕ್ಕೆ ಗೆರೆ ಎಳೆದಂಥ ಅಂಚು, ಒಂದು ಹಲ್ಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ.

ದವಡೆ ಹಲ್ಲನ್ನು ಉಳಿಸುವ ವಿದ್ಯೆಯ ಇತಿಹಾಸವೆಲ್ಲ ಗಟ್ಟಿ ಎನಾಮೆಲನ್ನು ನಂಬಿ ಬೆಳೆದದ್ದು, ಇಂಥ ಬಲಹೀನ ಹಲ್ಲಿಗೆ ಅದರಿಂದಲೇ ಪೆಟ್ಟು ಬಿತ್ತು ಎಂಬುದು ನನ್ನ ವಾದ. 1923ರಲ್ಲಿ ಅಮೆರಿಕದ ದಂತವೈದ್ಯ ಹಯಾಟ್, ಹುಳುಕು ಹಿಡಿಯುವ ಮೊದಲೇ ಹಲ್ಲಿನ ಸೀಳುಗಳನ್ನು ಕೊರೆದು ತುಂಬಿಬಿಡಿ ಎಂದರು. ಹುಳುಕಿಲ್ಲದ ಬಾಯಿಯೇ ಅಪರೂಪವಾಗಿದ್ದ ಕಾಲದಲ್ಲಿ ಅದು ಕ್ರೌರ್ಯವಲ್ಲ, ಕಾಳಜಿಯೇ. ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಬಳಿಯುತ್ತಿದ್ದುದನ್ನು ಗಮನಿಸಿದ ದಂತ ಸಂಶೋಧಕ ಬುಯೊನೊಕೋರ್, 1955ರಲ್ಲಿ ಅದನ್ನೇ ಹಲ್ಲಿಗೆ ಬಳಿದು ತೊಳೆದರು. ಎನಾಮೆಲ್ ಮೇಲೆ ಸೂಕ್ಷ್ಮ ರಂಧ್ರಗಳೆದ್ದು ಹಲ್ಲಿಗೆ ಹಚ್ಚುವ ಪ್ಲಾಸ್ಟಿಕ್‌ನಂಥ ರೆಸಿನ್ ಅದಕ್ಕೆ ಕಚ್ಚಿಕೊಂಡಿತು. 1967ರ ಹೊತ್ತಿಗೆ ಕೊರೆಯದೆಯೇ ಸೀಳು ಮುಚ್ಚುವ ಸೀಲಂಟ್ ಬಂತು. ದೊಡ್ಡ ಗೆಲುವು ಅದು. ಆದರೆ ಖನಿಜ ಕಡಿಮೆಯಾಗಿ ಪ್ರೋಟೀನ್ ಹೆಚ್ಚಿರುವ ಎನಾಮೆಲ್ ಮೇಲೆ ಆಮ್ಲ ಆ ರಂಧ್ರಗಳನ್ನು ಸರಿಯಾಗಿ ಕೊರೆಯುವುದಿಲ್ಲ; ಸೀಲಂಟ್ ಕಳಚುತ್ತದೆ, ಫಿಲ್ಲಿಂಗ್ ಅಂಚು ಒಡೆಯುತ್ತದೆ. ಇಂಥ ಹಲ್ಲಿರುವ ಒಂಬತ್ತು ವರ್ಷದ ಮಕ್ಕಳು ಉಳಿದವರಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ಹೆಚ್ಚು ಚಿಕಿತ್ಸೆ ಪಡೆದಿದ್ದರು, ದಂತವೈದ್ಯರೆಂದರೆ ಹೆಚ್ಚು ಹೆದರುತ್ತಿದ್ದರು ಎಂದು 2002ರ ಸ್ವೀಡನ್ ಅಧ್ಯಯನವೊಂದು ತೋರಿಸಿತು. ಆ ಅಂಕಿಯ ಹಿಂದಿರುವುದು, ಅರಿವಳಿಕೆ ಸರಿಯಾಗಿ ಹಿಡಿಯದ ಹಲ್ಲಿನ ನೋವು.

ಈ ಹಲ್ಲಿಗೆ ಒದಗಿದ್ದು ಬೇರೆಯದೇ ದಾರಿ. 1972ರಲ್ಲಿ ರಸಾಯನಶಾಸ್ತ್ರಜ್ಞರಾದ ವಿಲ್ಸನ್ ಮತ್ತು ಕೆಂಟ್ ಲೋಕಕ್ಕೆ ತಿಳಿಸಿದ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ, ಜೊಲ್ಲಿನ ತೇವವನ್ನು ರೆಸಿನ್‌ಗಿಂತ ಹೆಚ್ಚು ತಾಳುತ್ತದೆ. ಹಾಗಾಗಿ ಹಲ್ಲು ಅರ್ಧ ವಸಡಿನಲ್ಲಿರುವಾಗಲೇ ಹಚ್ಚಬಹುದು. ಅದು ಬೇಗ ಸವೆಯುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಸವೆದರೆ ಮತ್ತೆ ಹಚ್ಚಬಹುದು. ಉದುರಿದ ಎನಾಮೆಲ್ ಮಾತ್ರ ಮತ್ತೆ ಬೆಳೆಯದು. ಹೇಗೂ ಕೆಟ್ಟ ಹಲ್ಲು, ಕಿತ್ತುಬಿಡಿ ಎನ್ನುವವರೂ ಇದ್ದಾರೆ. ತೀರಾ ಹಾಳಾಗಿದ್ದರೆ ಕೀಳುವುದೇ ಸರಿ. ಎಂಟರಿಂದ ಹತ್ತು ವರ್ಷದೊಳಗೆ ಕಿತ್ತರೆ ಹಿಂದಿನ ಹಲ್ಲು ಮುಂದೆ ಸರಿದು ಜಾಗ ತುಂಬುವ ಸಾಧ್ಯತೆ ಹೆಚ್ಚು. ಆ ವಯಸ್ಸು ಬರುವತನಕ ಮಗು ನೋವಿಲ್ಲದೆ ಉಣ್ಣಬೇಕಲ್ಲ. 1950ರಲ್ಲಿ ಹಾಲುಹಲ್ಲಿಗೆಂದು ಬಂದ ಸ್ಟೀಲ್ ಕ್ಯಾಪ್ ಈಗ ಆ ಕೆಲಸಕ್ಕೂ ಒದಗುತ್ತಿದೆ.