ಹೋಗಬೇಕಾದೀತು!

ಬೈಲಹೊಂಗಲದ ನಮ್ಮ ಕಾಕಾನಿಗೆ ಫೋನ್ ಹಚ್ಚಿ "ಬನದ ಹುಣ್ಣಿವಿಗೆ ಗುಡ್ಡಕ್ಕ ಹೊಂಟೀರೇನ್ರೀ?" ಅಂದೆ. "ಹೋಗಬೇಕಾದೀತು ನೋಡಪಾ" ಅಂದರು. (ಗುಡ್ಡ ಅಂದರೆ ಸವದತ್ತಿ ಎಲ್ಲಮ್ಮನ ಗುಡ್ಡ.) ಪಕ್ಕದಲ್ಲಿದ್ದ ಬೆಂಗಳೂರಿನ ಗೆಳೆಯ "ಅಂದ್ರೆ ಹೋಗ್ತಾರೋ ಇಲ್ವೋ?" ಅಂದ. ಆವತ್ತಿನಿಂದ ಈ ಪದ ತಲೆಯಲ್ಲೇ ಕೂತಿದೆ.

ಬಿಡಿಸಿ ನೋಡಿ: ಹೋಗ + ಬೇಕು + ಆದೀತು. ಒಂದು ಕಡ್ಡಾಯ, ಒಂದು ಅನುಮಾನ, ಎರಡೂ ಒಂದೇ ಕ್ರಿಯಾಪದದ ಬೆನ್ನ ಮೇಲೆ. ಇಂಗ್ಲಿಷಿನಲ್ಲಿ ಹೀಗೆ ಎರಡನ್ನು ಒಟ್ಟಿಗೆ ಹೇರಿದರೆ ಮೇಷ್ಟ್ರು ತಪ್ಪು ಅನ್ನುತ್ತಾರೆ. ಆದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 'ಮೈಟ್ ಕುಡ್', 'ಮೈಟ್ ಶುಡ್' ಅನ್ನುವವರಿದ್ದಾರೆ, ಸ್ಕಾಟ್ಲೆಂಡಿನಲ್ಲಿ 'ವಿಲ್ ಕ್ಯಾನ್' ಅನ್ನುವವರೂ ಇದ್ದಾರೆ. ಅವರಲ್ಲಿ ಅನುಮಾನ ಮೊದಲು, ನಮ್ಮಲ್ಲಿ ಕೊನೆಗೆ. ಅವರು ಎರಡನ್ನೂ ಸೀದಾ ಪಕ್ಕಪಕ್ಕ ಇಡುತ್ತಾರೆ, ನಾವು ನಡುವೆ 'ಆಗು' ಎಂಬ ಬೆಸುಗೆ ಹಾಕುತ್ತೇವೆ.

ಬೆಸುಗೆ ಯಾಕೆ ಬೇಕಾಯಿತು ಅಂದರೆ, 'ಬೇಕು' ಅನ್ನುವುದು ಮೊದಲೇ ಪೂರ್ತಿ ಮುಗಿದ ರೂಪ. ಹಳಗನ್ನಡದ 'ಬೇಳ್ಕುಂ' ಸವೆದು ಸವೆದು ಬೇಕು ಆಯಿತು. ಅದಕ್ಕೆ ಬೇರೆ ಪ್ರತ್ಯಯ ಅಂಟುವುದಿಲ್ಲ. 'ಬಹುದು' ಕೂಡ ಹಾಗೇ, 'ಬರು' ಧಾತುವಿನಿಂದ ಬಂದು ಅಲ್ಲೇ ಗಟ್ಟಿಯಾಗಿದೆ. ನಮ್ಮ ಕಡೆ "ಈಸಾಕ ಬರತೈತಿ" ಅಂತೀವಲ್ಲ, ಅದರಲ್ಲೂ ಅದೇ ಬರು!

ಶಾಲೆಯಲ್ಲಿ ಪ್ರಬಂಧದಲ್ಲಿ 'ಹೋಗಬೇಕಾದೀತು' ಅಂತ ಬರೆದಿದ್ದೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಹೋಗಬೇಕಾಗಬಹುದು' ಅಂತ ತಿದ್ದಿದರು. ಹಳ್ಳಿ ಮಾತಂತೆ! ಎಷ್ಟೋ ವರ್ಷ ಹಾಗೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ಆದೀತು, ಬಂದಾನು, ಬಿದ್ದೀಯ ಇವೆಲ್ಲ ವ್ಯಾಕರಣದ ಸಂಭಾವನಾರ್ಥಕ ರೂಪಗಳು. ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದು ಕನ್ನಡ ಕಲಿತ ಕಿಟೆಲ್ 1903ರಲ್ಲಿ ಹೊರತಂದ ವ್ಯಾಕರಣದಲ್ಲಿ ಹಳೆಯ, ನಡು, ಹೊಸ ಕನ್ನಡ ಮೂರಕ್ಕೂ ಜಾಗವಿತ್ತು. ಕಿತ್ತೂರು, ಬೈಲಹೊಂಗಲದ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ರಾಮದುರ್ಗವಂತೂ 1948ರವರೆಗೆ ಬೇರೆಯೇ ಸಂಸ್ಥಾನ. ಏಕೀಕರಣವಾದ ಮೇಲೆ ಎಲ್ಲರಿಗೂ ಒಂದೇ ಪಠ್ಯಪುಸ್ತಕ ಬಂತು, ಒಳ್ಳೆಯದೇ. ಆದರೆ ಪುಸ್ತಕದ 'ಬಹುದು' ಬಂದಾಗ ನಮ್ಮ 'ಆದೀತು' ಹಿಂದಿನ ಬೆಂಚಿಗೆ ಹೋಯಿತು ಅಂತ ನನ್ನ ಗುಮಾನಿ.

ಎರಡೂ ಒಂದೇ ಅಲ್ಲ ಮಾರಾಯ್ರೆ. 'ಹೋಗಬೇಕಾಗಬಹುದು' ಅಂದರೆ ಬರೀ ಲೆಕ್ಕಾಚಾರ. 'ಹೋಗಬೇಕಾದೀತು' ಅನ್ನುವಾಗ ಅದರೊಳಗೆ ಒಂಚೂರು ಮುನ್ನೆಚ್ಚರಿಕೆ, ಒಂಚೂರು 'ತಪ್ಪಿಸಿಕೊಳ್ಳಾಕ ಆಗೂದಿಲ್ಲ' ಅನ್ನುವುದು ಸೇರಿರುತ್ತದೆ.

ಅಂದ ಹಾಗೆ, ಕಾಕಾ ಗುಡ್ಡಕ್ಕೆ ಹೋದರು. ಬುತ್ತಿಗಂಟು ಹೊರೋದಕ್ಕೆ ನಾನೂ ಹೋಗಬೇಕಾತು. ನಿಮ್ಮೂರ ಕಡೆ ಇದಕ್ಕೆ ಏನಂತಾರೆ?