ಕುಂಬಳಕಾಯಿ ತಲೆಯ ರಾಕ್ಷಸ

ಮೊನ್ನೆ ಭಾನುವಾರ ಹೂವು ಕಟ್ಟುತ್ತ ಕೂತಿದ್ದೆ. ಎರಡನೇ ಕ್ಲಾಸಿನ ಮೊಮ್ಮಗ ಹಳೇ ಕ್ಯಾಲೆಂಡರಿನ ಹಾಳೆ ಹಿಡಿದು ಓಡಿಬಂದ. ಹಾಳೆಯ ಹಿಂಬದಿಯಲ್ಲಿ ಒಂದು ರಾಕ್ಷಸ. ಮೈಯೆಲ್ಲ ಆಮೆಯ ಚಿಪ್ಪು, ತಲೆ ಮಾತ್ರ ಬೂದುಗುಂಬಳಕಾಯಿ. ಅದಕ್ಕೆ ಎರಡು ಕೊಂಬು, ಗಿರಿಜಾ ಮೀಸೆ. ಆಮೆ ಮಾರಿಯೊ ಎಂಬ ವಿಡಿಯೋ ಗೇಮಿನದು. ತಲೆ ನಮ್ಮ ಅನ್ನಪೂರ್ಣೇಶ್ವರಿ ನಗರದ್ದೇ! ಎದುರು ಸಾಲಿನಲ್ಲಿ ಕಟ್ಟುತ್ತಿರುವ ಮನೆಗೆ ದೃಷ್ಟಿ ತಾಗದಿರಲೆಂದು ಇಂಥದ್ದೇ ಮುಖ ಬರೆದ ಕುಂಬಳಕಾಯಿ ತೂಗುಹಾಕಿದ್ದಾರೆ.

"ಚೆನ್ನಾಗಿದೆ ಕಣೋ" ಎಂದೆ. ಎಂದಮೇಲೆ ಕೈ ಹೂವಿನ ಮೇಲೆ ಹಾಗೇ ನಿಂತುಬಿಟ್ಟಿತು.

ಇವನ ಅಪ್ಪ ಐದನೇ ಕ್ಲಾಸಿನಲ್ಲಿದ್ದಾಗ, 1990ರ ದಶಕದಲ್ಲಿ, ನಾವು ವಿಜಯನಗರದ ಬಾಡಿಗೆ ಮನೆಯಲ್ಲಿದ್ದೆವು. ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ, ಅದಕ್ಕೊಂದು ಹಳದಿ ಕ್ಯಾಸೆಟ್ಟು. ಊದಿ ಊದಿ ಹಾಕಿದರಷ್ಟೇ ಆಟ ಬರುತ್ತಿತ್ತು. ಒಂದು ದಿನ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಹಿಂದಿನ ಪುಟಗಳ ತುಂಬ ವಿಚಿತ್ರ ಪ್ರಾಣಿಗಳು. "ಟೀವಿಯಲ್ಲಿರೋದನ್ನ ನಕಲು ಮಾಡೋಕೆ ನಿನಗೆ ಪುಸ್ತಕ ಬೇಕಾ?" ಎಂದು ಆ ಪುಟಗಳನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಅವನು ಅಳಲಿಲ್ಲ. ಮತ್ತೆ ಚಿತ್ರವನ್ನೂ ಬರೆಯಲಿಲ್ಲ.

ಆ ಆಟಗಳ ಚರಿತ್ರೆ ನಾನು ಓದಿದ್ದು ತೀರ ಈಚೆಗೆ. ಓದಿದಷ್ಟೂ ನಾಚಿಕೆಯಾಯಿತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ 'ಸ್ಪೇಸ್ ಇನ್ವೇಡರ್ಸ್' ಮಾಡಿದಾಗ ಆಕಾಶದಿಂದಿಳಿಯುವ ಭೂತಗಳಿಗೆ ಆಕಾರ ಹುಡುಕಿದ್ದು ಸಮುದ್ರದಲ್ಲಿ: ಏಡಿ, ಆಕ್ಟೋಪಸ್, ಸ್ಕ್ವಿಡ್. 1980ರ 'ಪ್ಯಾಕ್‌ಮನ್' ಇನ್ನೂ ಸ್ವಾರಸ್ಯ. ಆಟದ ಅಂಗಡಿಗಳೆಲ್ಲ ಗಂಡಸರಿಂದಲೇ ತುಂಬಿರುತ್ತಿದ್ದವಂತೆ. ಹೆಂಗಸರೂ ಬರಲಿ ಎಂದು ತೊರು ಇವಾತಾನಿ ತಿನ್ನುವ ಆಟ ಹೂಡಿ, ಮುದ್ದುಮುದ್ದಾದ ನಾಲ್ಕು ಬಣ್ಣದ ಭೂತಗಳನ್ನು ಬಿಟ್ಟ. (ಹೆಂಗಸರೆಂದರೆ ತಿಂಡಿಯ ನೆನಪೇ ಏಕೆ ಬರಬೇಕೋ!) 1996ರ 'ಪೋಕೆಮಾನ್' ಹುಟ್ಟಿದ್ದು ಸತೋಶಿ ತಾಜಿರಿ ಎಂಬಾತ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದ ಹುಚ್ಚಿನಿಂದ. ಕಂಡದ್ದನ್ನು ತಂದು, ಮುರಿದು, ಬೇರೆ ಯಾವುದಕ್ಕೋ ಜೋಡಿಸಿದವರೇ ಎಲ್ಲರೂ.

ಅಷ್ಟು ದೂರ ಏಕೆ? ಹಳೇಬೀಡಿಗೆ ಹೋದವರು 12ನೇ ಶತಮಾನದ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಮಕರದ ಸಾಲನ್ನು ನೋಡಿಯೇ ಇರುತ್ತೀರಿ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಅಲ್ಲಿ ಮಾರ್ಗದರ್ಶಿ ಒಂದೊಂದೇ ಅಂಗ ತೋರಿಸುವಾಗ ನಾನೂ ಬೆರಗಾಗಿ ತಲೆದೂಗಿದ್ದೆ. ಮನೆಯಲ್ಲಿ ಮಗ ಮಾಡಿದ್ದೂ ಅದೇ ಕೆಲಸವೆಂದು ಹೊಳೆಯಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಚಾವಣ ಅಪ್ಪನ ಉಳಿ ನೋಡಿಯೇ ಕಲಿತಿರಬೇಕು. ಅವನಿಗೆ ಯಾರೂ ನಕಲು ಎಂದಿರಲಾರರು.

ಕುಂಬಳಕಾಯಿಯ ಮುಖವಾದರೂ ಅಷ್ಟೆ. ಒಬ್ಬ ಬರೆದದ್ದನ್ನು ನೋಡಿ ಇನ್ನೊಬ್ಬ ಬರೆಯುತ್ತಾನೆ. ಒಬ್ಬ ಕೋರೆಹಲ್ಲು ಉದ್ದ ಮಾಡುತ್ತಾನೆ, ಇನ್ನೊಬ್ಬ ನಾಲಿಗೆ ಹೊರಗೆ ಬಿಡಿಸುತ್ತಾನೆ. ನಮ್ಮ ಬೀದಿಯಲ್ಲಿ ತೂಗಿದ ಮೂರು ಕಾಯಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮೊಮ್ಮಗನೇ ತೋರಿಸಿದ್ದು.

ಸಂಜೆ ಮಗ ಬಂದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದ.

"ಇದಕ್ಕೆ ಕಾಲು ಸಾಲದು. ನನ್ನದಕ್ಕೆ ಎಂಟಿದ್ದವು. ನೆನಪಿದೆಯೇನಮ್ಮ?"

ನಾನು ಎಣಿಸಿರಲೇ ಇಲ್ಲ. ಒಲೆಗೆ ಹಾಕುವಾಗ ಯಾರು ಎಣಿಸುತ್ತಾರೆ? ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಮಗನ ಕೈಯಿಂದ ಪೆನ್ಸಿಲು ಇಸಕೊಂಡು, ಆಫೀಸಿನ ಬಟ್ಟೆಯಲ್ಲೇ ನೆಲದ ಮೇಲೆ ಕೂತಿದ್ದ.