ಹಳ್ಳಿಗೆಂದು ಹಾಕಿದ ಹಳಿ

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ಬಾಂಬ್ ದಾಳಿಗೆ ಸುಟ್ಟು ಬೂದಿಯಾಗಿದ್ದ ಟೋಕಿಯೊದಲ್ಲಿ ಉಳಿದಿದ್ದವರು ಸುಮಾರು 35 ಲಕ್ಷ ಜನ. 1962ರಲ್ಲಿ ಆ ಸಂಖ್ಯೆ ಒಂದು ಕೋಟಿ ದಾಟಿತು. ಇಷ್ಟೊಂದು ಜನ ಬಂದದ್ದಾದರೂ ಎಲ್ಲಿಂದ?

ಯುದ್ಧಕಾಲದಲ್ಲಿ ಊರು ಬಿಟ್ಟವರು ಮರಳಿದರು. ಅವರ ಹಿಂದೆಯೇ ಹಳ್ಳಿಗಳೂ ಹೊರಟವು. 1954ರಿಂದ ಸುಮಾರು ಎರಡು ದಶಕ ಕಾಲ, ಆಗಷ್ಟೇ ಶಾಲೆ ಮುಗಿಸಿದ ಹದಿನೈದರ ಮಕ್ಕಳನ್ನು ತುಂಬಿಕೊಂಡು ಈಶಾನ್ಯ ಜಪಾನಿನಿಂದ ವಿಶೇಷ ರೈಲುಗಳು ಟೋಕಿಯೊದ ಉಯೆನೊ ನಿಲ್ದಾಣಕ್ಕೆ ಬರುತ್ತಿದ್ದವು. ಕಾರ್ಖಾನೆಗಳ ಪಾಲಿಗೆ ಅವರು 'ಚಿನ್ನದ ಮೊಟ್ಟೆ'ಗಳು. ಹೊಲದಲ್ಲಿ ಉಳಿದವರು ಮುದುಕರು.

1960ರಲ್ಲಿ ಪ್ರಧಾನಿ ಇಕೆಡಾ ಹಯಾಟೊ ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆ ಪ್ರಕಟಿಸಿದರು. ಉದ್ಯಮಗಳೆಲ್ಲ ಪೆಸಿಫಿಕ್ ಕರಾವಳಿಗೇ ಸಲ್ಲುತ್ತವೆಂದು ಉಳಿದ ಪ್ರಾಂತ್ಯಗಳು ಅಸಮಾಧಾನಗೊಂಡವು. ಅದಕ್ಕೆ ಉತ್ತರವಾಗಿ 1962ರಲ್ಲಿ ರಾಷ್ಟ್ರೀಯ ಸಮಗ್ರ ಅಭಿವೃದ್ಧಿ ಯೋಜನೆ ರೂಪುಗೊಂಡಿತು. ಪ್ರಾದೇಶಿಕ ಸಮತೋಲನ ಅದರ ಮಂತ್ರ. ದೇಶದ 15 ಪ್ರದೇಶಗಳು 'ಹೊಸ ಕೈಗಾರಿಕಾ ನಗರ'ಗಳಾದವು. ಕೆಲವೆಡೆ ಉಕ್ಕು, ಪೆಟ್ರೋಕೆಮಿಕಲ್ ಕಾರ್ಖಾನೆಗಳೂ ಬಂದವು. ಆದರೆ ಸಚಿವಾಲಯಗಳು ಮತ್ತು ಬಹುಪಾಲು ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳು ಮಹಾನಗರ ಬಿಟ್ಟು ಕದಲಲಿಲ್ಲ.

1972ರಲ್ಲಿ ಪ್ರಧಾನಿಯಾದ ತನಾಕಾ ಕಾಕುಯೆಯಿ ಹಿಮ ಸುರಿಯುವ ನೀಗಾತಾ ಪ್ರಾಂತ್ಯದವರು. ಹಿಂದುಳಿದ ಸೀಮೆಯ ನೋವು ಬಲ್ಲವರು. ಅದೇ ವರ್ಷ ಪ್ರಕಟವಾದ ಅವರ ಪುಸ್ತಕ ಜಪಾನ್ ದ್ವೀಪಗಳ ಮರುನಿರ್ಮಾಣದ ಕನಸನ್ನು ಬಿಡಿಸಿಟ್ಟಿತು. ಕಾರ್ಖಾನೆಗಳು ಪ್ರಾಂತ್ಯಗಳಿಗೆ ಹೋಗಬೇಕು; ವೇಗದ ರೈಲು, ಹೆದ್ದಾರಿಗಳು ದೇಶವನ್ನು ಬೆಸೆಯಬೇಕು. ಆದರೆ ಅಭಿವೃದ್ಧಿಯಾಗಲಿರುವ ಊರುಗಳಲ್ಲಿ ಹಣವಂತರು ಭೂಮಿಗೆ ಮುಗಿಬಿದ್ದು ಬೆಲೆ ಗಗನಕ್ಕೇರಿತು. 1973ರ ತೈಲ ಬಿಕ್ಕಟ್ಟು ಕನಸಿಗೆ ತಣ್ಣೀರೆರಚಿತು.

ರೈಲು ಮಾತ್ರ ಬಂತು. 1982ರಲ್ಲಿ ನೀಗಾತಾಕ್ಕೆ ಆರಂಭವಾದ ಬುಲೆಟ್ ರೈಲು ಮಾರ್ಗ 1991ರಲ್ಲಿ ಟೋಕಿಯೊ ನಿಲ್ದಾಣವನ್ನೇ ಮುಟ್ಟಿತು. ಪಯಣ ಈಗ ಎರಡು ಗಂಟೆಯ ಆಸುಪಾಸು. ಆದರೂ 1995ರಲ್ಲಿ ಸುಮಾರು 25 ಲಕ್ಷವಿದ್ದ ನೀಗಾತಾ ಪ್ರಾಂತ್ಯದ ಜನಸಂಖ್ಯೆ 2020ರ ಜನಗಣತಿಯಲ್ಲಿ 22 ಲಕ್ಷಕ್ಕಿಳಿದಿತ್ತು. ಟೋಕಿಯೊದ್ದು ಒಂದು ಕೋಟಿ 40 ಲಕ್ಷ.

ತಪ್ಪು ರೈಲಿನದಲ್ಲ, ಜನನ ಪ್ರಮಾಣವೂ ಕುಸಿದಿದೆ. ಆದರೆ ಹಳಿ ಹಾಕಿದರೆ ಊರು ಉಳಿಯುತ್ತದೆಂಬ ಲೆಕ್ಕ ಅರ್ಧಸತ್ಯವಷ್ಟೇ. ಹಳಿಗೆ ಎರಡು ದಿಕ್ಕು. ಅಧಿಕಾರ, ಒಳ್ಳೆಯ ಉದ್ಯೋಗ ಒಂದೇ ತುದಿಯಲ್ಲಿ ಉಳಿದಾಗ, ರೈಲು ಎಷ್ಟು ವೇಗವಾದರೂ ಮಕ್ಕಳನ್ನು ಒಯ್ಯುವುದು ಆ ತುದಿಗೇ.